ಯುಗಯುಗಗಳಲ್ಲಿ ಮಂಗಳೂರು

ನಮ್ಮೂರು ಕನ್ಯಾನಕ್ಕೆ ಸಮುದ್ರವಿಲ್ಲ. ಆದರೂ ಮಂಗಳೂರೆಂಬ ಹೆಸರನ್ನು ನಾನು ಬಾಲ್ಯದಲ್ಲಿಯೇ ಓದಿದ್ದೆ. ಮನೆಯ ಮಾಡಿನ ಹಂಚುಗಳ ಅಡಿಯಲ್ಲಿ ಅದು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿತ್ತು. ನಮ್ಮ ಅಜ್ಜ ತರುಣರಾಗಿದ್ದಾಗ ಧಣಿಗಳ ಅಡಿಕೆಯನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ವಿಟ್ಲದ ಮಾರ್ಗವಾಗಿ ಆ ಪಟ್ಟಣದ ಬಂದರಿಗೆ ಹೋಗುತ್ತಿದ್ದರು. ನಾನು ಬಿ.ಎ. ತರಗತಿಯಲ್ಲಿ ಚರಿತ್ರೆಯನ್ನು ಓದುತ್ತಿರುವೆನೆಂದು ತಿಳಿದು ಒಮ್ಮೆ ಕೇಳಿದರು: "ಮಗಾ, ನಿನ್ನ ಪುಸ್ತಕದಲ್ಲಿ ಬಂದರಿನ ವಿಷಯ ಉಂಟಾ? ನಾವು ಗಾಡಿ ಹೊಡೆದದ್ದು ಉಂಟಾ?" ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯೇ ಮಂಗಳೂರಿನ ಹುಟ್ಟಿಗೆ ಮೂಲ. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಕಡಲ್ಗಳ್ಳರ ನೆಲೆಯೆಂದು ಹೇಳಿದ 'ನಿತ್ರಿಯಾಸ್' ಈ ನೇತ್ರಾವತಿಯ ದಡದ ಊರೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅನಂತರ ಆಳುಪರು ಇಲ್ಲಿ ರಾಜ್ಯವಾಳಿದರು. ಆ ವಂಶದ ಕುಂದವರ್ಮನು ಕ್ರಿ.ಶ. 968ರಲ್ಲಿ ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವನ್ನು ಸ್ಥಾಪಿಸಿದನೆಂದು ಅದರ ಪೀಠದ ಶಾಸನದಿಂದ ತಿಳಿದುಬರುತ್ತದೆ.

12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಟ್ಯುನೀಸಿಯದ ಕಡೆಯಿಂದ ಬಂದು ಸುಮಾರು ಹದಿನೇಳು ವರ್ಷ ಇಲ್ಲಿ ನೆಲಸಿದ್ದನು. ಅವನು ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸುತ್ತ, ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಅವನಿಗೆ ಬಂದ ಪತ್ರಗಳು ಈಜಿಪ್ಟಿನ ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದು ಬಂದವು. ಅವುಗಳಲ್ಲಿ, ಯಜಮಾನನ ಸರಕಿನೊಡನೆ ಏಡನ್ನಿಗೆ ಹೋಗಿ ವ್ಯವಹಾರ ನಡೆಸಿದ ಒಬ್ಬ ಆಳಿನ ಹೆಸರೂ ಬರುತ್ತದೆ. ಅದು ತುಳುನಾಡಿನ 'ಬೊಮ್ಮ' ಎಂಬ ಹೆಸರೆಂದು ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದಾರೆ.

1342ರ ಸುಮಾರಿಗೆ ಬಂದ ಇಬ್ನ್ ಬತೂತನು ಇಲ್ಲಿ ಪಾರಸಿಕ ಮತ್ತು ಯೆಮನ್ ದೇಶಗಳ ವರ್ತಕರನ್ನು ಕಂಡನು; ಮೆಣಸೂ ಶುಂಠಿಯೂ ಹೇರಳವೆಂದು ಬರೆದನು. ವಿಜಯನಗರದ ಕಾಲದಲ್ಲಿ ಮಂಗಳೂರು ಒಂದು ರಾಜ್ಯದ, ಎಂದರೆ ಪ್ರಾಂತ್ಯದ, ಮುಖ್ಯಸ್ಥಳವಾಯಿತು. ಪೋರ್ಚುಗೀಸರು ಬಂದ ಮೇಲೆ ಅವರ ಗೋವಾ ಪಟ್ಟಣವೂ ಕನ್ನಡ ಕರಾವಳಿಯ ಅಕ್ಕಿಯನ್ನು ಅವಲಂಬಿಸಬೇಕಾಯಿತು. ಕೆಳದಿಯ ನಾಯಕರ ಅನಂತರ 1763ರಲ್ಲಿ ಹೈದರಾಲಿಯು ಪಟ್ಟಣವನ್ನು ವಶಪಡಿಸಿಕೊಂಡನು. 1784ರ ಮಾರ್ಚ್ 11ರಂದು ಟಿಪ್ಪುವಿಗೂ ಇಂಗ್ಲಿಷರಿಗೂ ಒಪ್ಪಂದವಾದದ್ದು ಇಲ್ಲಿಯೇ. 1799ರಲ್ಲಿ ಇದು ಕಂಪೆನಿಯ ಕೈಸೇರಿತು.

ಇಷ್ಟು ಜನ ಇದಕ್ಕಾಗಿ ಏಕೆ ಹೋರಾಡಿದರು? ಮೆಣಸಾಗಲಿ, ಅಕ್ಕಿಯಾಗಲಿ, ಅಡಿಕೆಯಾಗಲಿ ಬಂದರಿನಲ್ಲಿ ಬೆಳೆಯುವುದಿಲ್ಲ. ಅವೆಲ್ಲವೂ ಒಳನಾಡಿನ ಗದ್ದೆ ತೋಟಗಳಿಂದ ತಲೆಹೊರೆಯಲ್ಲಿ, ಗಾಡಿಯಲ್ಲಿ, ಬಂಟ್ವಾಳದಿಂದ ದೋಣಿಯಲ್ಲಿ ಇಳಿದು ಬಂದಂಥವು. ಅರಸರು ಬದಲಾದರು, ಹೊರೆ ಹೊರುವುದು ನಿಲ್ಲಲಿಲ್ಲ.

1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರಿಂದ ಪಟ್ಟಣಕ್ಕೆ ಹೊಸ ರೂಪು ಬಂದಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದರು. 1865ರಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ನದಿದಡದ ಆವೆಮಣ್ಣು ಹಂಚಾಗಿ ದೂರದೇಶಗಳಿಗೆ ಹೊರಟಿತು. 1907ರಲ್ಲಿ ರೈಲು ಬಂದಿತು.

ಆದರೆ ಬಂದರನ್ನು ಕೊಟ್ಟ ನದಿಗಳೇ ಮರಳನ್ನೂ ತಂದು ಅಳಿವೆಯ ಬಾಯಲ್ಲಿ ತುಂಬಿದವು. ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ನಿಲ್ಲಬೇಕಾಗಿತ್ತು. ಆದುದರಿಂದ ಪಣಂಬೂರಿನಲ್ಲಿ ಹೊಸ ಬಂದರನ್ನು ಕಟ್ಟಿ 1975ರಲ್ಲಿ ಉದ್ಘಾಟಿಸಲಾಯಿತು. ಹಳೆಯ ಬಂದರು ಇಂದು ಮೀನುಗಾರರದೂ ಸಣ್ಣ ನೌಕೆಗಳದೂ ಆಗಿದೆ.

ನನ್ನ ಅಜ್ಜನಿಗೆ ಅಕ್ಷರ ಬಾರದು. ಮಂಡಿಯ ಲೆಕ್ಕದ ಪುಸ್ತಕದಲ್ಲಿ ಅವರದಾಗಿ ಉಳಿದದ್ದು ಹೆಬ್ಬೆಟ್ಟಿನ ಗುರುತು ಮಾತ್ರ. ಆ ಪುಸ್ತಕವೂ ಈಗ ಎಲ್ಲಿಯೂ ಇರಲಾರದು. ಬೊಮ್ಮನ ಹೆಸರು ಎಂಟುನೂರು ವರ್ಷಗಳ ಮೇಲೆ ಕೈರೋ ನಗರದ ಕಾಗದಗಳಿಂದ ಹೊರಬಂದಿತು. ಅವನಂತೆ ಹೊರೆ ಸಾಗಿಸಿದ ಇತರರ ಹೆಸರನ್ನು ಯಾರೂ ಬರೆದಿಡಲಿಲ್ಲ. ನನ್ನ ಪಠ್ಯಪುಸ್ತಕದಲ್ಲಿ ಬಂದರಿನ ವಿಷಯ ಉಂಟು, ಗಾಡಿಯ ವಿಷಯ ಇಲ್ಲ ಎಂದು ಅಜ್ಜನಿಗೆ ಅಂದು ಹೇಳಲಾರದೆ ಸುಮ್ಮನಾದೆ. ಈ ಸಂಚಿಕೆ ಕೈಗೆ ಬಂದ ದಿನ ಇದನ್ನು ಅವರಿಗೆ ಓದಿ ಹೇಳುವೆನು. ನಮ್ಮ ಮನೆಯ ಹಿರಿಯರು ನಡೆದ ದಾರಿಗಳನ್ನು ಕೇಳಿ ಬರೆದಿಡುವುದು, ಮೊದಲ ಬಾರಿಗೆ ಅಕ್ಷರ ಕಲಿತು ಕಾಲೇಜಿಗೆ ಬಂದ ನಮ್ಮಂಥವರ ಕರ್ತವ್ಯವೆಂದು ನನ್ನ ನಂಬಿಕೆ.