ಗೋಡೆ ಒಡೆಯುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಅರಸೀಕೆರೆ, ಬೇಲೂರು, ಹಳೇಬೀಡಿನ ಮನೆ, ಲಾಡ್ಜ್, ಕಲ್ಯಾಣಮಂಟಪಗಳ ಮಾಲೀಕರ ಗಮನಕ್ಕೆ

ಗೋಡೆಯಲ್ಲಿ ತೇವ ಕಂಡ ಕೂಡಲೇ ಉಳಿ, ಸುತ್ತಿಗೆ ಹಿಡಿಯಬೇಡಿ. ನೀರು ಕಾಣುವ ಜಾಗ ಬೇರೆ, ಸೋರುವ ಜಾಗ ಬೇರೆ.

ಮಾಡಬೇಕಾದ್ದು

ಮೊದಲು ಅದು ಎಲ್ಲಿಯ ನೀರೆಂದು ಗೊತ್ತುಮಾಡಿಕೊಳ್ಳಿ. ಬೇಲೂರಿನಲ್ಲಿ ಮಳೆಗಾಲಕ್ಕೆ ಮಾತ್ರ ಒದ್ದೆಯಾಗುವ ಗೋಡೆಯಾದರೆ ತಾರಸಿ ನೋಡಿ. ಅರಸೀಕೆರೆಯಲ್ಲಿ ಮಾರ್ಚ್ ತಿಂಗಳಲ್ಲೂ ಒದ್ದೆಯಿದ್ದರೆ ಪಾಪ, ಮಳೆಯನ್ನು ದೂರಬೇಡಿ. ಹಳೇಬೀಡಿನಲ್ಲಿ ದ್ವಾರಸಮುದ್ರ ಕೆರೆ ತುಂಬಿದ ವರ್ಷ ಗೋಡೆಬುಡದ ತೇವ ನೆಲದಿಂದಲೂ ಏರಿರಬಹುದು.

ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಕಳ್ಳ ಅಲ್ಲೇ ಇದ್ದಾನೆ.

ರಾತ್ರಿ ಮೋಟರ್, ನಲ್ಲಿ, ಬೀದಿ ಸಂಪರ್ಕ ಎಲ್ಲ ಬಂದ್ ಮಾಡಿ, ಮೇಲಿನ ಟ್ಯಾಂಕಿನ ಹೊರವಾಲ್ವ್ ಮುಚ್ಚಿ, ಸಂಪಿಗೂ ಟ್ಯಾಂಕಿಗೂ ಮಟ್ಟದ ಗುರುತು ಹಾಕಿ. ಬೆಳಿಗ್ಗೆ ಯಾವುದು ಇಳಿದಿದೆಯೋ ಅದನ್ನೇ ಪರೀಕ್ಷಿಸಿ. ಎರಡೂ ಇಳಿಯದಿದ್ದರೆ ಮರುರಾತ್ರಿ ವಾಲ್ವ್ ತೆರೆದಿಡಿ. ಆಗ ಟ್ಯಾಂಕ್ ಇಳಿದರೆ ಸೋರುತ್ತಿರುವುದು ಒಳಗಿನ ಲೈನ್.

ಇಷ್ಟಾದ ಮೇಲೆ ತಜ್ಞರನ್ನು ಕರೆಯಿರಿ. ಬಿಸಿನೀರು, ತಣ್ಣೀರಿನ ಲೈನುಗಳನ್ನು ಬೇರ್ಪಡಿಸಿ, ನಲ್ಲಿಗಳ ಜಾಗಕ್ಕೆ ಪ್ಲಗ್ ಹಾಕಿ, ಕೈಪಂಪಿನಿಂದ ನೀರಿನ ಒತ್ತಡ ಪರೀಕ್ಷೆ ಮಾಡಲು ಹೇಳಿ. ಗೇಜಿನ ಮುಳ್ಳು ಇಳಿದ ಲೈನಿನಲ್ಲಷ್ಟೇ ಮುಂದಿನ ಹುಡುಕಾಟ. ಕಬ್ಬಿಣದ ಪೈಪಾದರೆ ಸೋರಿಕೆಯ ಸದ್ದು ಆಲಿಸುವ ಉಪಕರಣಕ್ಕೆ ಚೆನ್ನಾಗಿ ಸಿಗುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಸದ್ದು ಬೇಗ ಅಡಗುವುದರಿಂದ ಶೇ 5 ಹೈಡ್ರೋಜನ್, ಶೇ 95 ನೈಟ್ರೋಜನ್ ಮಿಶ್ರಣ ತುಂಬಿ, ಅದು ಹೊರಬರುವ ಜಾಗವನ್ನು ಸೆನ್ಸರ್‌ನಿಂದ ಹಿಡಿಯುತ್ತಾರೆ.

ಮಾಡಬಾರದ್ದು

ಥರ್ಮಲ್ ಕ್ಯಾಮೆರಾದ ಬಣ್ಣಬಣ್ಣದ ಚಿತ್ರವೊಂದನ್ನೇ ನಂಬಿ ಟೈಲ್ಸ್ ಒಡೆಯಲು ಬಿಡಬೇಡಿ. ಅದು ತೋರಿಸುವುದು ಮೇಲ್ಮೈಯ ಉಷ್ಣತೆಯನ್ನು, ಗೋಡೆಯೊಳಗಿನ ನೀರನ್ನಲ್ಲ. ಸೋಲಾರ್ ಬಿಸಿನೀರಿನ ಲೈನಿಗೆ ಉಪಯುಕ್ತ. ಉಳಿದೆಡೆ ತೇವಮಾಪಕ ಇಟ್ಟು ಖಚಿತಪಡಿಸಿಕೊಳ್ಳಲೇಬೇಕು.

ಪ್ಲಾಸ್ಟಿಕ್ ಪೈಪಿಗೆ ಕಂಪ್ರೆಸರ್ ಗಾಳಿ ತುಂಬಿಸಬೇಡಿ, ಸಿಡಿದರೆ ಚೂರು ಹಾರುತ್ತದೆ. ಅಡುಗೆ ಅನಿಲವನ್ನಂತೂ ಎಂದಿಗೂ ಬಿಡಬೇಡಿ.

ಸ್ವಿಚ್‌ಬೋರ್ಡಿನ ಸುತ್ತ ತೇವವಿದ್ದರೆ ಮೇನ್ ಆಫ್ ಮಾಡದೆ ಗೋಡೆ ಮುಟ್ಟಬೇಡಿ.

ಸೋರಿಕೆ ನಿಲ್ಲದೆ ವಾಟರ್‌ಪ್ರೂಫ್ ಬಣ್ಣ ಬಳಿಯಬೇಡಿ. ದುರಸ್ತಿಯಾದ ಲೈನಿಗೆ ಮತ್ತೊಮ್ಮೆ ಒತ್ತಡ ಪರೀಕ್ಷೆ ಆಗದೆ ಪ್ಲಾಸ್ಟರ್ ಮಾಡಿಸಬೇಡಿ, ಬಿಲ್ಲನ್ನೂ ಕೊಡಬೇಡಿ.

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಗಳ ಆಸುಪಾಸಿನವರು ಅನುಮತಿಯಿಲ್ಲದೆ ಅಗೆಯಬೇಡಿ. ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಲ್ಲಿ ಹಳೆ ಕಟ್ಟಡದ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಒಪ್ಪಿಗೆ ಬೇಕು. ಮೇಸ್ತ್ರಿ ಒಪ್ಪಿದರೆ ಸಾಲದು.