ರಾತ್ರಿ ಹತ್ತರ ನಂತರದ ಹೊಡೆದಾಟ

ಪ್ರಶ್ನೆ: ನನಗೆ 36 ವರ್ಷ. ಮನೆ ಕಾಪುವಿನಲ್ಲಿ, ಕೆಲಸ ಒಂದು ಸಹಕಾರಿ ಸೊಸೈಟಿಯ ಮಣಿಪಾಲ ಶಾಖೆಯ ಕ್ಯಾಶ್ ಕೌಂಟರಿನಲ್ಲಿ. ನಮ್ಮವರು ಕತಾರಿನಲ್ಲಿದ್ದಾರೆ, ಮನೆಯಲ್ಲಿ ಅತ್ತೆ, ಮೈದುನ, ನಾಲ್ಕನೇ ಕ್ಲಾಸಿನ ಮಗ. ಬಸ್ಸಿನಲ್ಲಿ ಹೊತ್ತು ಹೋಗಲಿ ಎಂದು ಮೊಬೈಲಿಗೆ ‘ಶ್ಯಾಡೋ ಫೈಟ್ 2’ ಹಾಕಿಕೊಂಡೆ. ಈಗ ಮಗ ಮಲಗಿದ ಮೇಲೆ ಹನ್ನೆರಡರವರೆಗೂ ಅದೇ. ದಿನವಿಡೀ ಕೌಂಟರಿನಲ್ಲಿ ನಗುಮುಖ ಮಾಡಿಕೊಂಡು ಬೈಸಿಕೊಳ್ಳುವವಳಿಗೆ ಎದುರಾಳಿಯ ತಲೆಗೆ ಒದ್ದು ಬೀಳಿಸಿದಾಗ ಆಗುವ ಖುಷಿ ಕಂಡು ನನಗೇ ಹೆದರಿಕೆ. ಸೋತರೆ ಸಿಟ್ಟು, ಗೆದ್ದರೂ ಆಮೇಲೆ ಏನೋ ಖಾಲಿ ಖಾಲಿ. ಬುಚರ್ ಎಂಬವನನ್ನು ಸೋಲಿಸಲಾಗದೆ ಕೆಲವು ಸಲ ದುಡ್ಡು ಕೊಟ್ಟು ಜೆಮ್ಸ್ ತೆಗೆದುಕೊಂಡೆ, ಯಾರಿಗೂ ಹೇಳಿಲ್ಲ. ಮಗನಿಗೆ ಮೊಬೈಲ್ ಮುಟ್ಟಬೇಡ ಎನ್ನುವವಳೂ ನಾನೇ. ಇಂಥ ಆಟಗಳೆಲ್ಲ ಬ್ಯಾನ್ ಆಗಿವೆ ಎಂದು ಮೈದುನ ಬೇರೆ ಹೇಳುತ್ತಾನೆ. ಕಾರ್ಕಳಕ್ಕೆ ಅಮ್ಮನ ಮನೆಗೆ ಹೋದಾಗ ಮಾತ್ರ ಇದರ ನೆನಪೂ ಬರುವುದಿಲ್ಲ. ಸಿಟ್ಟಿನಲ್ಲಿ ಡಿಲೀಟ್ ಮಾಡುತ್ತೇನೆ, ಮತ್ತೆ ಹಾಕಿಕೊಳ್ಳುತ್ತೇನೆ. ನನಗೆ ಚಟ ಹಿಡಿದಿದೆಯೇ? ಮಗನಿಗೆ ಏನು ಹೇಳಲಿ?
ಓದುಗರು, ಕಾಪು

ಉತ್ತರ: ಮೊದಲು ಮೈದುನನ ಮಾತು, ಅದು ಬೇಗ ಮುಗಿಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿದಾಗ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆದದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ನಿಮ್ಮ ಆಟ ಎರಡರಲ್ಲೂ ಬರುವುದಿಲ್ಲ.

ಇನ್ನು ಒದ್ದು ಬೀಳಿಸಿದಾಗಿನ ಖುಷಿ. ನೀವು ಕರಾವಳಿಯವರು, ದೇವಿ ಮಹಾತ್ಮೆ ಯಕ್ಷಗಾನ ನೋಡಿಯೇ ಇರುತ್ತೀರಿ. ದೊಂದಿಯ ಬೆಳಕಿನಲ್ಲಿ ಆರ್ಭಟಿಸುತ್ತ ಮಹಿಷಾಸುರ ಜನರ ನಡುವಿನಿಂದಲೇ ಬರುವಾಗ ಮಕ್ಕಳು ಅಜ್ಜಿಯ ಸೆರಗು ಹಿಡಿಯುತ್ತವೆ, ಹಿಡಿದುಕೊಂಡೇ ಇಣುಕುತ್ತವೆ. ಅವನ ವಧೆ ನೋಡಲು ನಿದ್ದೆಗೆಟ್ಟು ಕೂರುವವರನ್ನು ನಾವು ಕ್ರೂರಿಗಳು ಎನ್ನುವುದಿಲ್ಲ. ಗರಡಿಗಳಲ್ಲಿ ನಾವು ಕೈಮುಗಿಯುವ ಕೋಟಿ-ಚೆನ್ನಯರೂ ಕಾದಾಡಿದ ವೀರರೇ. ಹೊಡೆದಾಟದ ಕಥೆ, ಹೊಡೆದಾಟದ ಕುಣಿತ ಇವುಗಳಲ್ಲಿ ಸುಖಪಡುವುದು ಮನುಷ್ಯರಿಗೆ ಹೊಸತಲ್ಲ, ಹೆಂಗಸರಿಗೂ ಹೊಸತಲ್ಲ. ಇದೇ ಆಟವನ್ನು ನಿಮ್ಮ ಮೈದುನ ಆಡಿದ್ದರೆ ಅವನು ನನಗೆ ಪತ್ರ ಬರೆಯುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಒಂದು ನಿರ್ಣಯ ಹೊರಡಿಸಿತು. ಹಿಂಸೆ ತುಂಬಿದ ವಿಡಿಯೊ ಗೇಮುಗಳು ಜನರನ್ನು ನಿಜವಾದ ಹಿಂಸಾಚಾರಕ್ಕೆ ತಳ್ಳುತ್ತವೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅದರಲ್ಲಿದೆ. ಕೂಗಾಡುವುದು, ತಳ್ಳುವುದು ಇಂಥ ವರ್ತನೆಗಳಿಗೂ ಈ ಆಟಗಳಿಗೂ ತುಸು ನಂಟಿದೆ ಎಂದೂ ಅದರಲ್ಲೇ ಇದೆ. ನೀವು ಗಮನಿಸಬೇಕಾದದ್ದು ಇಷ್ಟೆ: ಸೋತ ರಾತ್ರಿಯ ಮರುದಿನ ಬೆಳಿಗ್ಗೆ ಟಿಫಿನ್ ಕಟ್ಟುವಾಗ ಮಗನ ಮೇಲೆ ದನಿ ಏರುತ್ತದೆಯೇ?

ಕೌಂಟರಿನ ಸಿಟ್ಟನ್ನು ಆಟದಲ್ಲಿ ತೀರಿಸಿಕೊಳ್ಳುತ್ತೇನೆ ಎಂಬ ಸಮಾಧಾನವನ್ನೂ ಬಹಳ ನಂಬಬೇಡಿ. ಬ್ರಾಡ್ ಬುಶ್‌ಮನ್ ಎಂಬ ಮನೋವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ. ಸುಮ್ಮನೆ ಕುಳಿತಿದ್ದವರಿಗಿಂತ ಹೆಚ್ಚೇ ಇತ್ತು. ಬುಚರ್‌ನನ್ನು ಬುಚರ್ ಆಗಿಯೇ ಹೊಡೆಯಿರಿ. ಅವನಿಗೆ ಮಧ್ಯಾಹ್ನದ ಗ್ರಾಹಕರ ಮುಖ ಅಂಟಿಸಬೇಡಿ.

ನಿಮ್ಮ ಬೇಸರದ ದೊಡ್ಡ ಪಾಲು ಹೊಡೆದಾಟದಿಂದ ಬಂದದ್ದೇ ಅಲ್ಲ, ಆಟವನ್ನು ಕಟ್ಟಿದ ರೀತಿಯಿಂದ ಬಂದದ್ದು. ನೆಕ್ಕಿ ಕಂಪೆನಿಯ ಈ ಆಟ ಸಿಗುವುದು ಪುಕ್ಕಟೆ. ಆದರೆ ಪ್ರತಿ ಕಾಳಗಕ್ಕೂ ‘ಎನರ್ಜಿ’ ಖರ್ಚಾಗುತ್ತದೆ, ಮುಗಿದರೆ ತುಂಬುವವರೆಗೆ ಕಾಯಬೇಕು. ಆಯುಧವನ್ನು ಬಲಪಡಿಸಲೂ ಕಾಯಬೇಕು. ಕಾಯುವುದು ಬೇಡವೆಂದರೆ ಜೆಮ್ಸ್. ಕಾಳಗಕ್ಕೆ ಮೊದಲು ಎದುರಾಳಿ ಎಷ್ಟು ಕಷ್ಟ ಎಂದು ತೋರಿಸುತ್ತದಲ್ಲ, ‘ಇಂಪಾಸಿಬಲ್’ ಎಂಬ ಮಟ್ಟದವರೆಗೆ? ಅದು ನಿಮ್ಮ ಬೆರಳಿನ ಚುರುಕನ್ನು ಅಳೆದು ಹೇಳಿದ ಮಾತಲ್ಲ. ನಿಮ್ಮ ಕತ್ತಿ, ಕವಚ ಅವನಿಗಿಂತ ಎಷ್ಟು ಕೆಳಗಿವೆ ಎಂಬ ಲೆಕ್ಕ. ಅಂಥ ಕಡೆ ಸೋತದ್ದಕ್ಕೆ ನಿಮ್ಮ ಮೇಲೆ ನೀವೇ ಸಿಟ್ಟಾಗುತ್ತಿದ್ದೀರಿ. ಸಿಟ್ಟು ಬಂದ ಆ ಗಳಿಗೆಗೆ ಸರಿಯಾಗಿ ಅಂಗಡಿಯ ಬಾಗಿಲು ಕಣ್ಣೆದುರೇ ತೆರೆದಿರುತ್ತದೆ.

ನೀವು ದುಡ್ಡು ಎಣಿಸುವವರು, ನಿಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. 1928ರಲ್ಲಿ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಕೂಡಿಸತೊಡಗಿದ ಪಿಗ್ಮಿಯ ಉಪಾಯವೇ ಇದು: ಸಣ್ಣ ಮೊತ್ತ, ಕೊಡುವಾಗ ಗೊತ್ತಾಗದು. ಪಿಗ್ಮಿ ಬಡ್ಡಿ ಸೇರಿಸಿ ಮರಳಿ ಕೊಟ್ಟಿತು, ಈ ಆಟ ಕೊಡುವುದಿಲ್ಲ. ಯುಪಿಐ ಆ್ಯಪಿನಲ್ಲಿ ಹಿಂದಿನ ಪಾವತಿಗಳನ್ನು ತೆಗೆದು ಜೆಮ್ಸಿಗೆ ಹೋದದ್ದನ್ನೆಲ್ಲ ಕೂಡಿಸಿ, ಒಂದು ಚೀಟಿಯಲ್ಲಿ ಬರೆಯಿರಿ. ಮೊತ್ತ ಎಷ್ಟೇ ಇರಲಿ, ಇವತ್ತಿನ ವಿಡಿಯೊ ಕಾಲಿನಲ್ಲಿ ನಿಮ್ಮವರಿಗೆ ಹೇಳಿಬಿಡಿ. ಕದ್ದು ಮಾಡಿದೆ ಎಂಬ ಭಾರ ಆ ಮೊತ್ತಕ್ಕಿಂತ ದೊಡ್ಡದಾಗಿ ಕೂತಿದೆ. ಆಮೇಲೆ ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಇದೇ ಆಟದ ‘ಸ್ಪೆಷಲ್ ಎಡಿಷನ್’ 2017ರಲ್ಲಿ ಬಂದಿದೆ. ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಎನರ್ಜಿಯ ಕಾಟವಿಲ್ಲ, ಜಾಹೀರಾತಿಲ್ಲ. ನಿಮಗೆ ನಿಜಕ್ಕೂ ಇಷ್ಟವಾದದ್ದು ಕಾಳಗವೋ ಅಥವಾ ಕಾಯಿಸಿ ಕಾಯಿಸಿ ಕೊಡುವ ಗೆಲುವೋ ಎಂದು ತಿಳಿಯಲು ಅದು ಒಳ್ಳೆಯ ದಾರಿ. ತಡೆಯಿಲ್ಲದೆ ಸಿಕ್ಕಾಗ ಈ ಆಟ ವಾರದೊಳಗೆ ಸಪ್ಪೆ ಎನಿಸಿದರೂ ನನಗೆ ಆಶ್ಚರ್ಯವಿಲ್ಲ.

ಚಟವೇ ಎಂದು ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಸಮಸ್ಯೆಯೂ ಸೇರಿದೆ. ಹಾಗೆನ್ನಲು ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದ ಬದುಕಿಗಿಂತ ಅದೇ ಮುಂದಾಗಿರಬೇಕು, ಹಾನಿ ಕಂಡರೂ ಬಿಡಲಾಗದಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದಿರಬೇಕು. ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನೀವು ಹಾಗೇ ದಾಟಿಸಿದ್ದೀರಿ: ಕಾರ್ಕಳದಲ್ಲಿ ಇದರ ನೆನಪೂ ಬರುವುದಿಲ್ಲ. ಚಟ ಹಿಡಿದವರಿಗೆ ಊರು ಬದಲಾದ ಮಾತ್ರಕ್ಕೆ ಹೀಗಾಗುವುದು ಅಪರೂಪ. ಫೋನು ಅದೇ, ಆಟ ಅದೇ. ಆದರೆ ಅಲ್ಲಿ ಅಡುಗೆಮನೆಯಲ್ಲಿ ಅಮ್ಮನ ಜತೆ ಕೂತು ಸೊಪ್ಪು ಸೋಸುವಾಗ ಆಡುವ ಮಾತು ರಾತ್ರಿಯವರೆಗೂ ಮುಗಿಯುವುದಿಲ್ಲ. ಕಾಪುವಿನಲ್ಲಿ ಮಗ ಮಲಗಿದ ಮೇಲೆ ನಿಮ್ಮೊಡನೆ ಮಾತಾಡುವವರು ಇಲ್ಲ. ನಿಮ್ಮವರು ಕತಾರಿನಲ್ಲಿರುವುದನ್ನು ಅರ್ಧ ಸಾಲಿನಲ್ಲಿ ಮುಗಿಸಿದಿರಿ, ಬುಚರ್‌ನಿಗೆ ಅದಕ್ಕಿಂತ ಹೆಚ್ಚು ಜಾಗ ಕೊಟ್ಟಿರಿ. ಗೆದ್ದ ಮೇಲೂ ಖಾಲಿ ಎನ್ನಿಸುವುದು ಎಲ್ಲಿಂದ ಎಂದು ನಾನು ಊಹಿಸಬಲ್ಲೆ, ನೀವೂ ಊಹಿಸಬಲ್ಲಿರಿ.

ಆದ್ದರಿಂದ ಡಿಲೀಟ್ ಮಾಡುವ ಶಪಥ ಬೇಡ, ಅದು ನಿಮಗೆ ಕೂಡಿ ಬರುತ್ತಿಲ್ಲ. ಬಸ್ಸಿನಲ್ಲಿ ಆಡಿ. ಉಡುಪಿಗೆ ಹೋಗಿ ಬಸ್ಸು ಬದಲಿಸಿ ಮಣಿಪಾಲದ ಟೈಗರ್ ಸರ್ಕಲ್ ಮುಟ್ಟುವವರೆಗೆ ಬೇಕಾದಷ್ಟು ಹೊತ್ತಿದೆ, ಇಳಿಯುವ ಜಾಗ ಬಂದರೆ ಆಟ ತಾನಾಗಿ ನಿಲ್ಲುತ್ತದೆ. ಹಾಸಿಗೆಯಲ್ಲಿ ನಿಲ್ಲಿಸುವವರಿಲ್ಲ, ಅಲ್ಲಿ ಬೇಡ. ನೋಟಿಫಿಕೇಶನ್ ಬಂದ್ ಮಾಡಿ. ಎನರ್ಜಿ ತುಂಬಿತು ಎಂಬ ಸುದ್ದಿ ಕೌಂಟರಿನಲ್ಲಿ ಕೂತವರಿಗೆ ಬೇಕಿಲ್ಲ. ಹತ್ತು ಗಂಟೆಗೆ ಫೋನನ್ನು ಚಾರ್ಜಿಗಿಡುವ ಮೊದಲು ಕಾರ್ಕಳಕ್ಕೆ ಒಂದು ಕರೆ ಹೋಗಲಿ. ಇಷ್ಟಾಗಿಯೂ ನಿದ್ದೆ ಬಾರದೆ, ಮನಸ್ಸು ಎತ್ತಲೂ ನಿಲ್ಲದೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಮಗನ ವಿಷಯ. ಅವನಿಗೆ ಗೊತ್ತಿಲ್ಲ ಎಂದುಕೊಂಡಿದ್ದೀರಿ, ಗೊತ್ತಿರುತ್ತದೆ. ಭಾನುವಾರ ಹಗಲು, ಅತ್ತೆಯೂ ಇರುವಾಗ, ಚಾವಡಿಯಲ್ಲಿ ಕೂತು ಅವನಿಗೆ ಆಟ ತೋರಿಸಿ. ನಾನೂ ಆಡುತ್ತೇನೆ, ರಾತ್ರಿ ಹೆಚ್ಚಾಗುತ್ತಿತ್ತು, ಈಗ ಬಸ್ಸಿನಲ್ಲಿ ಮಾತ್ರ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ತನಗೂ ಬೇಕೆಂದರೆ ನಿಮ್ಮ ಪಕ್ಕದಲ್ಲೇ ಎರಡು ಕಾಳಗ ಆಡಲಿ. ಪಾಸ್‌ವರ್ಡ್ ಮಾತ್ರ ಅವನಿಗೆ ಕಾಣದಂತೆ ಒತ್ತಿ.