ಬೇಲಿಯ ಆಯ್ಕೆ

ಹೊಲಕ್ಕೆ ಬೇಲಿ ಹಾಕುವ ರೈತನು ಮೊದಲು ಎರಡು ಸಂಗತಿಗಳನ್ನು ಆಲೋಚಿಸುತ್ತಾನೆ. ಹೊರಗಿನಿಂದ ನುಗ್ಗುವ ಪ್ರಾಣಿ ಯಾವುದು ಎಂಬುದು ಒಂದು. ಒಳಗಿನ ಬೆಳೆ ಎಷ್ಟು ಬೆಳೆದಿದೆ ಎಂಬುದು ಮತ್ತೊಂದು. ದನಕರುಗಳನ್ನು ತಡೆಯಲು ಮುಳ್ಳಿನ ಬೇಲಿ ಸಾಕು. ಕಾಡುಹಂದಿಗೆ ಅದು ಸಾಲದು. ಎಳೆಯ ಸಸಿಯ ಸುತ್ತ ಕಟ್ಟಿದ ತಟ್ಟಿಯನ್ನು ಮರವಾದ ಮೇಲೂ ಬಿಚ್ಚದಿದ್ದರೆ ಅದೇ ಕಾಂಡವನ್ನು ಹಿಸುಕತೊಡಗುವುದು. ಇಂದು ಅನೇಕ ಮನೆಗಳಲ್ಲಿ ತಂದೆತಾಯಿಗಳು ಬೇರೊಂದು ಬಗೆಯ ಬೇಲಿಯನ್ನು ಹುಡುಕುತ್ತಿದ್ದಾರೆ. ಅದು ಮಕ್ಕಳ ಕೈಯ ಮೊಬೈಲ್ ಫೋನಿಗೆ ಹಾಕುವ ಬೇಲಿ.

ಇದರ ಅಗತ್ಯ ಒಮ್ಮೆಗೇ ಹೆಚ್ಚಿದುದು 2020ರಲ್ಲಿ. ಕೋವಿಡ್ ವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಅಲ್ಲಿಯವರೆಗೆ ‘ಮುಟ್ಟಬೇಡ’ ಎಂದು ಗದರಿಸುತ್ತಿದ್ದ ಹಿರಿಯರೇ ಫೋನನ್ನು ಮಕ್ಕಳ ಕೈಗೆ ಕೊಡಬೇಕಾಯಿತು. ಪಾಠವೂ ಅದರಲ್ಲಿಯೇ, ಗೆಳೆಯರೊಡನೆ ಹರಟೆಯೂ ಅದರಲ್ಲಿಯೇ. ಶಾಲೆಗಳು ಮತ್ತೆ ತೆರೆದವು; ಫೋನು ಮಾತ್ರ ಕೈಬಿಡಲಿಲ್ಲ. ಒಂದು ವಿಡಿಯೋ ಮುಗಿಯುತ್ತಲೇ ಇನ್ನೊಂದು ತಾನಾಗಿ ಆರಂಭವಾಗುವಂತೆ ರಚಿತವಾದ ಯಂತ್ರದ ಮುಂದೆ ದೊಡ್ಡವರೇ ಸೋಲುತ್ತಿರುವಾಗ, ಮಕ್ಕಳನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿಯೇ ಇಂಥ ತೊಂದರೆಗಳಿಗಾಗಿ ‘ಷಟ್’ ಎಂಬ ಚಿಕಿತ್ಸಾಲಯ ಆರಂಭವಾಗಿತ್ತು. ‘ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ’ ಎಂಬುದು ಆ ಹೆಸರಿನ ಅರ್ಥ. ಅಲ್ಲಿನ ವೈದ್ಯರು ತಂತ್ರಜ್ಞಾನವನ್ನು ತ್ಯಜಿಸಿರೆಂದು ಹೇಳದೆ, ಬಳಕೆಯನ್ನೇ ತಿದ್ದಲು ಹೊರಟರೆಂಬುದು ಗಮನಾರ್ಹ.

ಫೋನಿನ ಬೇಲಿಗಳಲ್ಲಿ ಎರಡು ಜಾತಿಗಳುಂಟು. ಮೊದಲನೆಯದು ಸಮಯವನ್ನು ಅಳೆಯುವಂಥದು. ಗೂಗಲ್ ಸಂಸ್ಥೆಯು 2017ರಲ್ಲಿ ಹೊರತಂದ ‘ಫ್ಯಾಮಿಲಿ ಲಿಂಕ್’, ಆಪಲ್ ಸಂಸ್ಥೆಯು 2018ರಲ್ಲಿ ತನ್ನ ಫೋನುಗಳಲ್ಲಿ ಸೇರಿಸಿದ ‘ಸ್ಕ್ರೀನ್ ಟೈಮ್’ ಮುಖ್ಯವಾಗಿ ಈ ಜಾತಿಗೆ ಸೇರುತ್ತವೆ. ದಿನಕ್ಕೆ ಇಷ್ಟು ಹೊತ್ತು ಎಂದು ಮಿತಿಯನ್ನು ಗೊತ್ತುಮಾಡಬಹುದು. ಮಲಗುವ ವೇಳೆಗೆ ಬೀಗ ಬೀಳುವಂತೆ ಮಾಡಬಹುದು. ಹೊಸ ಆಟವೊಂದನ್ನು ಇಳಿಸಿಕೊಳ್ಳಲು ಹಿರಿಯರ ಅನುಮತಿ ಬೇಕೆಂದು ವಿಧಿಸಬಹುದು. ಎರಡನೆಯದು ಇಣುಕಿ ನೋಡುವಂಥದು. ಮಗು ಯಾರಿಗೆ ಏನು ಬರೆಯಿತು, ಎಲ್ಲಿ ಹೋಯಿತು ಎಂಬುದನ್ನೆಲ್ಲ ಅದು ತಂದೆತಾಯಿಗಳಿಗೆ ವರದಿ ಮಾಡುತ್ತದೆ. ಕೆಲವಂತೂ ಮಗುವಿಗೆ ತಿಳಿಯದಂತೆಯೇ ಅಡಗಿರುತ್ತವೆ. ಮೊದಲನೆಯದು ಬೇಲಿ, ಎರಡನೆಯದು ಬೇಹುಗಾರ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ಕೊಳ್ಳುವವರು ಮೋಸಹೋಗುವುದುಂಟು.

ದಕ್ಷಿಣ ಕೊರಿಯಾ ದೇಶದ ಅನುಭವ ಈ ವಿಷಯದಲ್ಲಿ ವಿಚಾರಾರ್ಹವಾಗಿದೆ. ಅಲ್ಲಿ 2011ರಲ್ಲಿ ಒಂದು ಕಾನೂನು ಜಾರಿಗೆ ಬಂದಿತು. 16 ವರ್ಷ ತುಂಬದವರು ಮಧ್ಯರಾತ್ರಿಯಿಂದ ಬೆಳಗಿನ 6 ಗಂಟೆಯವರೆಗೆ ಅಂತರ್ಜಾಲದಲ್ಲಿ ಆಟವಾಡುವಂತಿಲ್ಲ ಎಂಬುದು ಅದರ ವಿಧಿ. ಮಕ್ಕಳು ಏನು ಮಾಡಿದರು? ತಂದೆತಾಯಿಗಳ ಗುರುತಿನ ಸಂಖ್ಯೆಯನ್ನು ಬಳಸಿ ಆಟದೊಳಗೆ ಪ್ರವೇಶಿಸಿದವರು ಕೆಲವರು. ಬೀಗ ಹಾಕುವವರ ಜಾಣ್ಮೆಗಿಂತ ತೆಗೆಯುವವರ ಬಿಡುವು ಹೆಚ್ಚಲ್ಲವೇ! ಅಷ್ಟರಲ್ಲಿ ಆಟಗಳೂ ಗಣಕಯಂತ್ರದಿಂದ ಫೋನಿಗೆ ಸ್ಥಳಾಂತರ ಹೊಂದಿದವು. 2022ರ ಆರಂಭಕ್ಕೆ ಆ ಕಾನೂನು ರದ್ದಾಯಿತು.

ಇದಕ್ಕಿಂತ ಗಂಭೀರವಾದ ಪ್ರಕರಣ 2015ರದು. ಅಪ್ರಾಪ್ತವಯಸ್ಕರ ಫೋನುಗಳಲ್ಲಿ ನಿಯಂತ್ರಣದ ಆ್ಯಪ್ ಇರಲೇಬೇಕೆಂದು ಆ ದೇಶದ ಸರ್ಕಾರ ಆ ವರ್ಷ ನಿಯಮ ಮಾಡಿತು. ಹಾಗೆ ಬಳಕೆಗೆ ಬಂದವುಗಳಲ್ಲಿ ‘ಸ್ಮಾರ್ಟ್ ಷೆರಿಫ್’ ಎಂಬುದು ಪ್ರಸಿದ್ಧ. ಸರ್ಕಾರದ ಬೆಂಬಲವಿದ್ದುದರಿಂದ ಅದನ್ನು ಜನ ನಂಬಿದರು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ‘ಸಿಟಿಜನ್ ಲ್ಯಾಬ್’ ಎಂಬ ಸಂಶೋಧನ ಕೇಂದ್ರ ಮತ್ತು ಅದರ ಸಹವರ್ತಿಗಳು ಅದೇ ವರ್ಷ ಅದನ್ನು ಪರೀಕ್ಷಿಸಿದಾಗ 26 ಭದ್ರತಾ ದೋಷಗಳು ಕಂಡುಬಂದವು. ಮಕ್ಕಳ ಖಾಸಗಿ ವಿವರಗಳು ಅಪರಿಚಿತರ ಕೈಸೇರುವ ಸಂಭವವಿತ್ತು. ಕಾವಲಿಗೆಂದು ಇಟ್ಟ ಬಾಗಿಲೇ ಕಳ್ಳನಿಗೆ ದಾರಿಯಾಗುವ ಸ್ಥಿತಿ ಅದು. ವರ್ಷ ಮುಗಿಯುವುದರೊಳಗೆ ಆ ಆ್ಯಪನ್ನು ಹಿಂತೆಗೆದುಕೊಳ್ಳಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮವರು ಆಡುವ ಮಾತು ಇದಕ್ಕೆ ಸಲ್ಲುತ್ತದೆ.

ಆದ್ದರಿಂದ ಆ್ಯಪನ್ನು ಆರಿಸುವವರು, ಅದು ಏನನ್ನು ತಡೆಯುತ್ತದೆ ಎಂಬುದನ್ನು ಕೇಳುವ ಮೊದಲು ಏನನ್ನು ಕೊಂಡೊಯ್ಯುತ್ತದೆ ಎಂಬುದನ್ನು ಕೇಳುವುದು ಯುಕ್ತ. ಸಮಯವನ್ನಷ್ಟೇ ಎಣಿಸಬೇಕಾದ ಆ್ಯಪಿಗೆ ಮಗುವಿನ ಭಾವಚಿತ್ರಗಳೂ ಸಂದೇಶಗಳೂ ಏತಕ್ಕೆ? ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ಓದದೆ ಒಪ್ಪಿಗೆಯ ಗುಂಡಿ ಒತ್ತಿದರೆ ಆ ರಕ್ಷಣೆಯಿಂದ ಪ್ರಯೋಜನವೇನು? ಇನ್ನು ಆ್ಯಪಿನ ಲೆಕ್ಕಕ್ಕೆ ಗಂಟೆ ತಿಳಿಯುತ್ತದೆಯೇ ಹೊರತು ಆ ಗಂಟೆಯ ಬೆಲೆ ತಿಳಿಯದು. ರಸಾಯನಶಾಸ್ತ್ರದ ಪಾಠ ಕೇಳಿದ ಗಂಟೆಯೂ ಕೋತಿಚೇಷ್ಟೆ ನೋಡಿದ ಗಂಟೆಯೂ ಅದಕ್ಕೆ ಸಮವೇ. ಆ ವ್ಯತ್ಯಾಸವನ್ನು ಮನೆಯವರೇ ಕುಳಿತು ಮಾತನಾಡಿ ತಿಳಿಯಬೇಕು.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗಳು ಒಂಬತ್ತನೆಯ ತರಗತಿಯವಳು. ಅವಳ ಸಂದೇಶಗಳನ್ನೆಲ್ಲ ತೋರಿಸುವ ಆ್ಯಪನ್ನು ಹಾಕಿಸಬೇಕೆಂಬುದು ತಂದೆಯ ಆಲೋಚನೆ. ರಾತ್ರಿ ಊಟವಾದ ಮೇಲೆ ಮಾತು ಬಂದಿತು. ಮಗಳು ಕೇಳಿದಳು:

“ಅಪ್ಪಾ, ನಿಮ್ಮ ಗೆಳೆಯರು ನಿಮಗೆ ಬರೆದ ಕಾಗದಗಳನ್ನು ಅಜ್ಜ ಒಡೆದು ಓದುತ್ತಿದ್ದರೇ?”

ತಂದೆ ಉತ್ತರ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ತಾಯಿ ಒಂದು ದಾರಿಯನ್ನು ಸೂಚಿಸಿದರು. ಇಣುಕುವ ಆ್ಯಪ್ ಬೇಡ; ಸಮಯದ ಮಿತಿ ಇರಲಿ. ಏನನ್ನು ಹಾಕಿದರೂ ಮಗಳ ಎದುರಿನಲ್ಲಿಯೇ ಹಾಕಬೇಕು. ಅಪರಿಚಿತರಿಂದ ಸಂದೇಶ ಬಂದರೆ ಅವಳು ತಾನಾಗಿ ತೋರಿಸಬೇಕು. ಆಗ ಯಾರೂ ಅವಳನ್ನು ಗದರಿಸಬಾರದು. ದಸರಾ ರಜೆಯಲ್ಲಿ ಮಿತಿಯನ್ನು ಮತ್ತೆ ಪರಿಶೀಲಿಸಬೇಕು.

“ಒಂಬತ್ತು ಗಂಟೆಗೆ ನನ್ನ ಫೋನಿಗೆ ಬೀಗ. ನಿಮ್ಮಿಬ್ಬರದಕ್ಕೆ?” ಎಂದಳು ಮಗಳು.

ಮರುದಿನ ರಾತ್ರಿ ಒಂಬತ್ತಕ್ಕೆ ಗೋಡೆಯ ಗೂಡಿನಲ್ಲಿ ಮೂರು ಫೋನುಗಳೂ ಸಾಲಾಗಿ ಕುಳಿತವು. ಹತ್ತು ನಿಮಿಷ ಕಳೆಯುವುದರೊಳಗೆ ಅವುಗಳಲ್ಲಿ ಒಂದು ‘ಟಿಂಗ್’ ಎಂದಿತು. ತಂದೆ ಅರ್ಧ ಎದ್ದವರು, ಮಗಳ ಮುಖವನ್ನು ನೋಡಿ ಮತ್ತೆ ಕುಳಿತುಕೊಂಡರು.